ಸಲುವುದು, ತೆರುವುದು, ಬಾಕಿ: ಮನಗೂಳಿಯ ನೆಲದಿಂದ ಒಂದು ಪದವಿಚಾರ

ಬಸವನ ಬಾಗೇವಾಡಿಯಿಂದ ವಾಯವ್ಯಕ್ಕೆ ಹನ್ನೊಂದು ಮೈಲಿಗಳ ದೂರದಲ್ಲಿರುವ ಮನಗೂಳಿಯು ಕರ್ನಾಟಕದ ಶಾಸನಾಭ್ಯಾಸಿಗಳಿಗೆ ಚಿರಪರಿಚಿತವಾದ ಗ್ರಾಮ. ಹನ್ನೆರಡನೆಯ ಶತಮಾನದಲ್ಲಿ ಇದರ ಹೆಸರು ಮಣಿಂಗವಳ್ಳಿ. ಭೀಮಾತೀರದ ತದ್ದೇವಾಡಿಯನ್ನು ಕೇಂದ್ರವಾಗಿ ಉಳ್ಳ ತರ್ದವಾಡಿ ಸಾಸಿರವೆಂಬ ನಾಡಿಗೆ ಅದು ಸೇರಿತ್ತು. ಕಳಚುರಿ ಬಿಜ್ಜಳನ ಮನೆತನವು ಚಾಳುಕ್ಯರ ಅಧೀನದಲ್ಲಿದ್ದ ಕಾಲದಿಂದಲೂ ಈ ನಾಡಿನೊಡನೆ ಹೊಂದಿಕೊಂಡಿತ್ತು. ಬಿಜ್ಜಳನ ಆಳ್ವಿಕೆಯಲ್ಲಿ, 1161ರ ಆರಂಭದಲ್ಲಿ, ಇಲ್ಲಿಯ ಕಲಿದೇವರ ದೇಗುಲಕ್ಕೆ ಬಿಟ್ಟ ದತ್ತಿಗಳನ್ನು ಹೇಳುವ ಶಾಸನವನ್ನು ಜೆ. ಎಫ್. ಫ್ಲೀಟರು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅಂದಿನಿಂದ ಮನಗೂಳಿಯ ಹೆಸರು ವೀರಶೈವ ಇತಿಹಾಸದ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತಲೇ ಇದೆ.

ಹಾಗೆ ಕೇಳಿಬರಲು ಕಾರಣ ಶಾಸನದಲ್ಲಿರುವ ಎರಡು ಹೆಸರುಗಳು. ದೇಗುಲವನ್ನು ಕಟ್ಟಿಸಿದವನು ಬಸವ. ಆಗ ಊರಿನ ಮಹಾಪ್ರಭುವಾಗಿದ್ದವನು ಮಾದಿರಾಜ. ಈ ಎರಡು ಹೆಸರುಗಳು ಒಂದೇ ಕಲ್ಲಿನಲ್ಲಿ ಕಂಡಾಗ ಫ್ಲೀಟರು ಪುರಾಣಗಳ ಬಸವೇಶ್ವರರ ಕಥೆಗೆ ಇಲ್ಲಿಯೇ ಮೂಲವಿರಬಹುದೆಂಬ ದಿಕ್ಕಿನಲ್ಲಿ ಊಹೆಯನ್ನು ಹರಿಯಬಿಟ್ಟರು. ಆದರೆ ಆ ಮಾದಿರಾಜನು ಆ ಬಸವನ ತಂದೆಯೆಂದು ಶಾಸನವು ಹೇಳುವುದಿಲ್ಲ. ಮುಂದೆ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ದೊರೆತ 1260ರ ಶಾಸನವು ಬಾಗೇವಾಡಿಯ ಬಸವಣ್ಣನವರ ವಂಶವನ್ನು ಸ್ಪಷ್ಟವಾಗಿಯೇ ಹೇಳಿದ ಮೇಲೆ ಮನಗೂಳಿಯ ಬಸವನು ಬೇರೆಯವನೆಂಬುದರಲ್ಲಿ ಸಂದೇಹಕ್ಕೆ ಎಡೆಯುಳಿಯಲಿಲ್ಲ. ಈ ವಿಷಯದಲ್ಲಿ ಸಾಕಷ್ಟು ಮಸಿ ಖರ್ಚಾಗಿದೆ. ಇಲ್ಲಿ ಅದನ್ನು ಮತ್ತೆ ಬೆಳೆಸಬೇಕಾಗಿಲ್ಲ.

ಹೆಸರುಗಳ ಬೆನ್ನುಹತ್ತಿದ ವಿದ್ವಾಂಸರು ಇಂತಹ ಶಾಸನಗಳ ಕೊನೆಯ ಭಾಗವನ್ನು, ಎಂದರೆ ಯಾರು ಯಾರಿಗೆ ಏನನ್ನು ಕೊಡತಕ್ಕದ್ದೆಂಬ ಪಟ್ಟಿಯನ್ನು, ಬೇಗಬೇಗನೆ ದಾಟಿ ಹೋದದ್ದುಂಟು. ದತ್ತಿಶಾಸನದ ಪ್ರಾಣವಿರುವುದು ಆ ಭಾಗದಲ್ಲಿಯೇ. ಪ್ರಶಸ್ತಿಯ ವೃತ್ತಗಳು ಕವಿಯ ಬಾಯಿಂದ ಬಂದವು. ಕೊಡುಗೆಯ ಪಟ್ಟಿಯು ಊರಿನ ಒಕ್ಕಲು, ಗಾಣಿಗ, ಎಲೆಯ ವ್ಯಾಪಾರಿ, ಸುಂಕದ ಹೆಗ್ಗಡೆಗಳ ಬಾಯಿಂದ ಬಂದಿತು. ಇಂಗ್ಲಿಷಿನಲ್ಲಿ ಅನುವಾದಿಸಿದವರು ಈ ಬಾಬುಗಳಿಗೆಲ್ಲ ಸಾಮಾನ್ಯವಾಗಿ ಎರಡು ಮೂರು ಪದಗಳನ್ನು ಮಾತ್ರ ಬಳಸಿದರು. ಅವುಗಳಲ್ಲಿ ಅತ್ಯಂತ ಅನುಕೂಲವಾಗಿ ಒದಗಿದ್ದು ‘ಡ್ಯೂಸ್’ ಎಂಬ ಪದ. ಇಂದು ಅದು ಇಂಗ್ಲಿಷ್ ಬಾರದವರ ಬಾಯಲ್ಲಿಯೂ ಉಂಟು. ಸಹಕಾರಿ ಸಂಘದ ಸಾಲ, ವಿದ್ಯುತ್ತಿನ ಬಿಲ್ಲು, ಕಾಲೇಜಿನ ಶುಲ್ಕ, ಸಂಸ್ಥೆಯ ಸದಸ್ಯತ್ವದ ವಂತಿಗೆ ಇವೆಲ್ಲವೂ ‘ಡ್ಯೂಸ್’. ಅದನ್ನು ಕನ್ನಡಿಸಬೇಕಾದಾಗ ಬಹುಮಂದಿ ತಟ್ಟನೆ ಬರೆಯುವುದು ‘ಬಾಕಿ’ ಎಂದು. ಈ ಒಂದು ಮಾತಿನಲ್ಲಿ ಎಷ್ಟು ಉಳಿಯಿತು, ಎಷ್ಟು ಸೋರಿಹೋಯಿತು ಎಂಬುದು ವಿಚಾರಾರ್ಹವಾದ ಸಂಗತಿ.

ಇಂಗ್ಲಿಷ್ ಪದವನ್ನೇ ಮೊದಲು ನೋಡಬಹುದು. ‘ಡ್ಯೂ’ ಎಂಬುದು ಫ್ರೆಂಚ್ ಭಾಷೆಯ ಮೂಲಕ ಲ್ಯಾಟಿನ್ನಿನ ‘ದೆಬೇರೆ’ ಎಂಬ ಧಾತುವಿನಿಂದ ಬಂದದ್ದು. ಸಾಲವೆಂಬ ಅರ್ಥದ ‘ಡೆಟ್’, ಕರ್ತವ್ಯವೆಂಬ ಅರ್ಥದ ‘ಡ್ಯೂಟಿ’ ಇವೂ ಅದರ ಒಡಹುಟ್ಟುಗಳು. ‘ದೆಬೇರೆ’ಯನ್ನು ಬಿಡಿಸಿದರೆ ಮತ್ತೊಬ್ಬನಿಂದ ಬಂದುದನ್ನು ತನ್ನಲ್ಲಿ ಇಟ್ಟುಕೊಂಡಿರುವುದು ಎಂಬ ಭಾವ ಸಿಗುತ್ತದೆ. ಆದ್ದರಿಂದ ಆ ಪದಕ್ಕೆ ಎರಡು ಮುಖಗಳು: ಕೊಡಬೇಕಾದ ಹಣವೂ ಅದೇ, ಯೋಗ್ಯವಾದದ್ದು, ಉಚಿತವಾದದ್ದು ಎಂಬುದೂ ಅದೇ. ಹಿರಿಯರಿಗೆ ತಕ್ಕ ಗೌರವವೂ ‘ಡ್ಯೂ’, ತಿಂಗಳ ಕಂತೂ ‘ಡ್ಯೂ’. ಬಹುವಚನದ ‘ಡ್ಯೂಸ್’ ಆದಾಗ ಹಣದ ಮುಖವೇ ಹೆಚ್ಚು ಕಾಣುತ್ತದೆಯಾದರೂ ಹಿಂದಿನ ಮುಖ ಅಳಿಸಿಹೋಗಿಲ್ಲ. ‘ಬಾಕಿ’ಯಲ್ಲಿ ಈ ಎರಡನೆಯ ಮುಖವೇ ಇಲ್ಲ. ಅರಬ್ಬಿಯ ‘ಬಾಕೀ’ ಎಂದರೆ ಉಳಿದದ್ದು. ಲೆಕ್ಕದ ಪುಸ್ತಕದಲ್ಲಿ ಉಳಿದ ಮೊತ್ತವನ್ನು ಅದು ತೋರಿಸುತ್ತದೆಯೇ ಹೊರತು ಆ ಮೊತ್ತವು ನ್ಯಾಯವೇ, ಯಾರಿಗೆ ಏತಕ್ಕೆ ಸೇರಬೇಕು ಎಂಬುದನ್ನು ತೋರಿಸುವುದಿಲ್ಲ.

ಚಾಳುಕ್ಯ ಮತ್ತು ಕಳಚುರಿ ಕಾಲದ ಕನ್ನಡ ಶಾಸನಗಳಲ್ಲಿ ಈ ಬಗೆಯ ಬಡತನವಿರಲಿಲ್ಲ. ಪ್ರತಿಯೊಂದು ಬಾಬಿಗೂ ಅದರದೇ ಆದ ಹೆಸರಿತ್ತು. ಭೂಮಿಯಿಂದ ನಿಯತವಾಗಿ ಬರತಕ್ಕದ್ದು ಸಿದ್ಧಾಯ. ಸರಕಿನ ಸಾಗಣೆ ಮಾರಾಟಗಳ ಮೇಲಿನದು ಸುಂಕ. ಇದು ಸಂಸ್ಕೃತದ ಶುಲ್ಕವು ಪ್ರಾಕೃತದ ಹಾದಿಯಲ್ಲಿ ಸವೆದು ಬಂದ ರೂಪ. ದೊಡ್ಡ ಸುಂಕವು ಪೆರ್ಜುಂಕ. ನಾಡಿನ ಒಡೆಯನಿಗೆ ಹೋಗತಕ್ಕದ್ದು ಮನ್ನೆಯಸುಂಕ. ಕೆರೆಯನ್ನು ಕಟ್ಟಿಸಿ ಕಾಪಾಡಿದವನಿಗೆ ಸಲುವ ಹತ್ತನೆಯ ಪಾಲು ದಶವಂದ. ಇವುಗಳ ಜೊತೆಗೆ ಹತ್ತಾರು ಚಿಲ್ಲರೆ ಬಾಬುಗಳು ಸೇರಿದರೆ ಆ ಸಮೂಹಕ್ಕೆ ಕಿರುಕುಳವೆಂದು ಹೆಸರು.

ಈ ಕೊನೆಯ ಮಾತು ಇಂದಿನ ಓದುಗರನ್ನು ಬೆರಗುಗೊಳಿಸದಿರದು. ಇಂದು ಕಿರುಕುಳವೆಂದರೆ ಹಿಂಸೆ, ಪೀಡೆ. ಶಾಸನಗಳಲ್ಲಿ ಅದು ಚಿಕ್ಕಪುಟ್ಟ ತೆರಿಗೆಗಳಿಗೆ ಇದ್ದ ಲೆಕ್ಕದ ಹೆಸರು. ಚಿಲ್ಲರೆ ತೆರಿಗೆಯ ಹೆಸರು ಚಿಲ್ಲರೆ ಹಿಂಸೆಯ ಹೆಸರಾಗಿ ಮಾರ್ಪಟ್ಟದ್ದನ್ನು ಯಾವ ಇತಿಹಾಸಕಾರನೂ ಬರೆದಿಡಲಿಲ್ಲ. ಕೊಟ್ಟವರ ನಾಲಗೆಯೇ ಬರೆದಿಟ್ಟಿತು. ಬಿಟ್ಟಿಯ ಕಥೆಯೂ ಹೀಗೆಯೇ. ಸಂಸ್ಕೃತದ ವಿಷ್ಟಿ, ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ದುಡಿಯಬೇಕಾದ ಋಣ, ಕನ್ನಡದಲ್ಲಿ ಬಿಟ್ಟಿಯಾಯಿತು. ದುಡಿದವನ ಪಾಲಿಗೆ ಬಲವಂತವಾಗಿದ್ದದ್ದು ಪಡೆದವನ ಪಾಲಿಗೆ ಪುಕ್ಕಟೆ. ಇಂದಿನ ಮಾತಿನಲ್ಲಿ ಉಳಿದಿರುವುದು ಪಡೆದವನ ಅರ್ಥ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯು ಸುಂಕದ ಕಟ್ಟೆಯ ಎದುರಿಗೆ ಹೇರನ್ನು ಇಳಿಸಿ ನಿಂತ ಜನರ ಅನುಭವದಿಂದ ಹುಟ್ಟಿದ್ದೆಂದು ಬೇರೆ ಹೇಳಬೇಕಾಗಿಲ್ಲ.

ದತ್ತಿಯ ಭೂಮಿಯನ್ನು ಬಿಡುವಾಗ ಶಾಸನಗಳು ಬಳಸುವ ಎರಡು ಪಾರಿಭಾಷಿಕ ಪದಗಳನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಒಂದು ‘ಸರ್ವಬಾಧಾಪರಿಹಾರ’, ಇನ್ನೊಂದು ‘ಸರ್ವನಮಸ್ಯ’. ಎರಡರ ವ್ಯಾವಹಾರಿಕ ಅರ್ಥವೂ ಹೆಚ್ಚು ಕಡಿಮೆ ಒಂದೇ: ಆ ಭೂಮಿಗೆ ತೆರಿಗೆಯಿಲ್ಲ. ಆದರೆ ಮೊದಲನೆಯದು ತೆರಿಗೆಯನ್ನು ಬಾಧೆಯೆಂದೇ ಕರೆಯುತ್ತದೆ. ಇದನ್ನು ಬರೆಯಿಸಿದವರು ತೆರಿಗೆ ಕೊಡುವ ಬಡ ಒಕ್ಕಲುಗಳಲ್ಲ, ತೆರಿಗೆಯನ್ನು ಎತ್ತುವ ಅರಸರು ಮತ್ತು ಅವರ ದಂಡನಾಯಕರು. ತಾವು ಎತ್ತುವುದು ಬಾಧೆಯೆಂಬುದನ್ನು ಕಲ್ಲಿನಲ್ಲಿ ಕೆತ್ತಿಸುವಷ್ಟು ನಿಸ್ಸಂಕೋಚ ಅಂದಿನ ಆಡಳಿತದ ಭಾಷೆಯಲ್ಲಿತ್ತು. ಎರಡನೆಯ ಪದವು ಇನ್ನೂ ಅರ್ಥಗರ್ಭಿತವಾದದ್ದು. ಆ ಭೂಮಿಯಿಂದ ಯಾರಿಗೂ ಹಣ ಸಲುವುದಿಲ್ಲ. ಬದಲಾಗಿ ಎಲ್ಲರಿಂದಲೂ ಆ ಭೂಮಿಗೆ ನಮಸ್ಕಾರ ಸಲುತ್ತದೆ. ಸಲ್ಲಿಕೆಯ ದಿಕ್ಕೇ ತಿರುಗಿತು. ಇಂತಹ ಕಡೆಗಳಲ್ಲಿ ‘ಡ್ಯೂಸ್‌ಗಳಿಂದ ಮುಕ್ತವಾದ ಭೂಮಿ’ ಎಂದು ಅನುವಾದಿಸಿದರೆ ಕಂದಾಯ ಕಚೇರಿಗೆ ಸಾಕಾದೀತು, ಇತಿಹಾಸಕ್ಕೆ ಸಾಲದು.

ಇನ್ನು ಊರವರ ಕೊಡುಗೆಗಳು. ಆ ಕಾಲದ ದತ್ತಿಶಾಸನಗಳಲ್ಲಿ ಅಯ್ಯಾವೊಳೆಯ ಐನೂರ್ವರು, ತೆಲ್ಲಿಗರ ಐವತ್ತೊಕ್ಕಲು, ಎಲೆಯ ವ್ಯಾಪಾರಿಗಳು ಮುಂತಾದ ಸಮೂಹಗಳು ಸಭೆಗೂಡಿ ದೇವರ ನಂದಾದೀವಿಗೆಗೆ ಗಾಣಕ್ಕೆ ಇಷ್ಟು ಎಣ್ಣೆ, ಅಂಗಭೋಗಕ್ಕೆ ಹೇರಿಗೆ ಇಷ್ಟು ಎಲೆ, ಮಾರಾಟವಾದ ಸರಕಿಗೆ ಇಷ್ಟು ಹಾಗ, ಇಷ್ಟು ವೀಸ ಎಂದು ಕಟ್ಟಳೆ ಮಾಡಿಕೊಳ್ಳುತ್ತಿದ್ದವು. ಅರಸನು ಹೇರಿದ್ದಲ್ಲ ಇದು. ತಮ್ಮ ಮೇಲೆ ತಾವೇ ಹೇರಿಕೊಂಡದ್ದು. ಒಮ್ಮೆ ಕಟ್ಟಳೆಯಾದ ಮೇಲೆ ಸಮೂಹದ ಪ್ರತಿಯೊಬ್ಬನೂ ಕೊಡಲೇಬೇಕು, ಚಂದ್ರಸೂರ್ಯರಿರುವವರೆಗೆ ಅವನ ಮಕ್ಕಳೂ ಕೊಡಬೇಕು. ಸುಂಕದ ಅಧಿಕಾರಿಗಳು ಕೂಡ ತಾವು ಎತ್ತುವ ಸುಂಕದಲ್ಲಿ ಇಂತಿಷ್ಟನ್ನು ದೇವರಿಗೆ ಬಿಟ್ಟುಕೊಡುತ್ತಿದ್ದರು. ಹೀಗೆ ಬಲವಂತದ ತೆರಿಗೆ, ಬಿಟ್ಟುಕೊಟ್ಟ ತೆರಿಗೆ, ಒಪ್ಪಿ ಕಟ್ಟಿಕೊಂಡ ವಂತಿಗೆ ಈ ಮೂರೂ ಒಂದೇ ಕಲ್ಲಿನಲ್ಲಿ ಅಕ್ಕಪಕ್ಕದಲ್ಲಿ ಬರುತ್ತವೆ. ಮೂರಕ್ಕೂ ಹೊಂದುವ ಕ್ರಿಯಾಪದವನ್ನು ಕನ್ನಡವು ಎಲ್ಲಿಂದಲೂ ಎರವಲು ತರಬೇಕಾಗಿರಲಿಲ್ಲ. ಅದು ‘ಸಲ್’ ಎಂಬ ಅಚ್ಚಗನ್ನಡ ಧಾತು.

ಸಲ್ ಎಂದರೆ ಮೂಲತಃ ಹೋಗು, ಸೇರು, ಒಳಹೊಗು. ಕಾಲಕ್ಕೆ ಅದನ್ನು ಹೇಳಿದಾಗ ಕಳೆದುಹೋಗು, ನಡೆದುಬರು; ಶಕವರ್ಷವು ಸಂದಿತು ಎಂಬ ಮಾತು ಪ್ರತಿಯೊಂದು ಶಾಸನದ ಓದುಗನಿಗೂ ಗೊತ್ತು. ರಾಜ್ಯಕ್ಕೆ ಹೇಳಿದಾಗ ನಡೆಯುತ್ತಿರು. ಅರಸನ ವಿಜಯರಾಜ್ಯವು ಸಲುತ್ತಮಿರೆ ಎಂದೇ ಶಾಸನಗಳ ಮೊದಲ ಸೂತ್ರ. ನಾಣ್ಯಕ್ಕೆ ಹೇಳಿದಾಗ ಚಲಾವಣೆಯಾಗು. ಹಣಕ್ಕೆ, ಕಾಣಿಕೆಗೆ ಹೇಳಿದಾಗ ಸೇರತಕ್ಕವರಿಗೆ ಸೇರು. ನಡತೆಗೆ ಹೇಳಿದಾಗ ತಕ್ಕುದಾಗು. ಸಲ್ಲದ ಮಾತು ಎಂದರೆ ಆಡಬಾರದ ಮಾತು. ಅರಸನ ಆಳ್ವಿಕೆಯೂ ದೇವರ ದೀಪದ ಎಣ್ಣೆಯೂ ಕೈಯಲ್ಲಿರುವ ನಾಣ್ಯವೂ ಬಾಯಲ್ಲಿರುವ ಮಾತೂ ಒಂದೇ ಧಾತುವಿನ ಅಳತೆಗೆ ಒಳಪಟ್ಟವು. ಇಂಗ್ಲಿಷಿನ ‘ಡ್ಯೂ’ ಪದದಲ್ಲಿ ಋಣವೂ ಔಚಿತ್ಯವೂ ಕೂಡಿರುವುದನ್ನು ಮೇಲೆ ಹೇಳಿದೆ. ಕನ್ನಡದ ‘ಸಲ್’ ಅದಕ್ಕಿಂತಲೂ ಅಗಲವಾದದ್ದು. ಇಷ್ಟೊಂದು ಸಮರ್ಥವಾದ ಮಾತು ಮನೆಯಲ್ಲಿರುವಾಗ ‘ಬಾಕಿ’ಯೊಂದನ್ನೇ ನೆಚ್ಚಿದ್ದು ಸೋಜಿಗವೇ ಸರಿ.

ಇದರ ಜೊತೆಗೆ ‘ತೆರು’ ಎಂಬ ಧಾತುವನ್ನು ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ದಂಡವನ್ನು ತೆರುತ್ತಾರೆ, ಬೆಲೆಯನ್ನು ತೆರುತ್ತಾರೆ, ಯುದ್ಧದಲ್ಲಿ ಪ್ರಾಣವನ್ನು ತೆರುತ್ತಾರೆ. ತೆರಿಗೆಯು ಇದರಿಂದಲೇ ಆದದ್ದು. ತೆರುವವನ ಕಣ್ಣು ತನ್ನಿಂದ ಹೋದದ್ದರ ಮೇಲಿರುತ್ತದೆ. ಸಲ್ಲಿಸುವವನ ಕಣ್ಣು ಅದು ಹೋಗಿ ಸೇರಿದ ಸ್ಥಾನದ ಮೇಲಿರುತ್ತದೆ. ಒಂದೇ ವೀಸದ ನಾಣ್ಯವನ್ನು ಒಬ್ಬನು ತೆರಬಹುದು, ಇನ್ನೊಬ್ಬನು ಸಲ್ಲಿಸಬಹುದು.

ಮನಗೂಳಿಯ ಶಾಸನ ಹುಟ್ಟಿದ ಕಾಲದಲ್ಲಿಯೇ ಶರಣರ ಚಳವಳಿಯೂ ನಡೆದಿತ್ತು ಎಂಬುದನ್ನು ಮರೆಯುವಂತಿಲ್ಲ. ಆ ಚಳವಳಿಯ ನಾಯಕರು ಸ್ವತಃ ಲೆಕ್ಕದ ಮನುಷ್ಯರು. ಹರಿಹರನ ಬಸವರಾಜದೇವರ ರಗಳೆಯಂತೆ ಬಸವಣ್ಣನವರು ಮಂಗಳವಾಡದಲ್ಲಿ ಕರಣಿಕರಾಗಿ ಕೆಲಸಕ್ಕೆ ಸೇರಿ ಮುಂದೆ ಭಂಡಾರದ ಅಧಿಕಾರಕ್ಕೆ ಏರಿದವರು. ಭಂಡಾರಿ ಬಸವಣ್ಣನೆಂಬ ಹೆಸರೇ ಇದಕ್ಕೆ ಸಾಕ್ಷಿ. ಸಿದ್ಧಾಯ, ಸುಂಕ, ಕಿರುಕುಳಗಳ ಕಂತೆ ಕಡತಗಳ ನಡುವೆ ಹಗಲನ್ನು ಕಳೆದವರಿಗೆ ಯಾವುದು ಯಾರಿಗೆ ಸಲ್ಲಬೇಕೆಂಬುದು ತತ್ತ್ವದ ಪ್ರಶ್ನೆಯಾಗುವ ಮೊದಲು ಉದ್ಯೋಗದ ಪ್ರಶ್ನೆಯಾಗಿತ್ತು. ಬಿಜ್ಜಳನ ಭಂಡಾರವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ದೂರಿದರೆಂಬ, ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂಬ ಕಥೆಯನ್ನು ಪಾಲ್ಕುರಿಕೆ ಸೋಮನಾಥನ ಬಸವಪುರಾಣವೂ ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿಯು ರಚಿಸಿದ ಕನ್ನಡ ಪುರಾಣವೂ ಹೇಳುತ್ತವೆ. ಭಕ್ತರು ಇದನ್ನು ಪವಾಡವಾಗಿ ಓದುವರು, ಓದಲಿ. ಆದರೆ ಅದರ ಒಳಗೆ ಒಂದು ಲೆಕ್ಕಪರಿಶೋಧನೆಯ ಕಥೆಯೂ ಇದೆ: ಅರಸನಿಗೆ ಸಲ್ಲಬೇಕಾದದ್ದು ಅರಸನಿಗೆ ಸಂದಿತ್ತು, ಜಂಗಮಕ್ಕೆ ಸಲ್ಲಬೇಕಾದದ್ದು ಬೇರೆಯ ಮೂಲದಿಂದ ಸಂದಿತ್ತು.

ಈ ಲೋಕವನ್ನು ನಾಣ್ಯ ಅಚ್ಚಾಗುವ ಕಮ್ಮಟಕ್ಕೆ ಹೋಲಿಸಿ ಇಲ್ಲಿ ಚಲಾವಣೆಯಾದವರೇ ಅಲ್ಲಿಯೂ ಚಲಾವಣೆಯಾಗುವರೆಂದು ಹೇಳುವ ಬಸವಣ್ಣನವರ ವಚನವನ್ನು ತಿಳಿಯದ ಕನ್ನಡಿಗರಿಲ್ಲ. ಅಲ್ಲಿಯ ಕ್ರಿಯಾಪದ ಇದೇ ‘ಸಲ್ಲು’. ಭಂಡಾರಿಯ ಕೈಗೆ ಪ್ರತಿದಿನವೂ ಬರುತ್ತಿದ್ದ ಹೊನ್ನನ್ನು ಒರೆಗೆ ಹಚ್ಚಿ, ಇದು ಸಲುವುದು, ಇದು ಸಲ್ಲದು ಎಂದು ಬೇರ್ಪಡಿಸುವ ಕೆಲಸದ ಪದವು ಮನುಷ್ಯನ ಬಾಳಿಗೆ ಅನ್ವಯವಾಯಿತು. ಆ ವಚನವನ್ನು ಇಂಗ್ಲಿಷಿಗೆ ತರುವಾಗ ‘ಒಪ್ಪಿಗೆಯಾಗುವವರು’ ಎಂಬ ಅರ್ಥದ ಪದವನ್ನಷ್ಟೇ ಹಾಕಿದರೆ ನಾಣ್ಯದ ಸದ್ದು ಕೇಳಿಸದೆ ಹೋಗುತ್ತದೆ. ಸುಂಕದ ಕಾಯಕದವರೇ ಆದ ಸುಂಕದ ಬಂಕಣ್ಣನವರೂ ತಮ್ಮ ಕಟ್ಟೆಯ ಪರಿಭಾಷೆಯನ್ನೇ ಅನುಭಾವಕ್ಕೆ ಎತ್ತಿಕೊಂಡರು. ಗಾದೆಯಲ್ಲಿ ಕಲ್ಲೆದೆಯವನಾಗಿ ನಿಂತ ಸುಂಕದವನು ವಚನಸಾಹಿತ್ಯದಲ್ಲಿ ಶರಣನಾಗಿ ನಿಂತದ್ದು ಸಾಮಾನ್ಯವಾದ ಮಾತಲ್ಲ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗದಲ್ಲಿ ಈ ವಿಚಾರವು ಇನ್ನೊಂದು ಮೆಟ್ಟಿಲನ್ನು ಏರುತ್ತದೆ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹೇಳಿದರು. ಶೂನ್ಯಸಂಪಾದನೆಯ ಓದುಗರಿಗೆ ಈ ಸಂದರ್ಭ ಕಂಠಪಾಠವಾಗಿದೆ. ಸಾಮಾನ್ಯವಾಗಿ ಇದನ್ನು ನಿರಾಸೆಯ ದೃಷ್ಟಾಂತವಾಗಿ ವ್ಯಾಖ್ಯಾನಿಸುವರು. ಪದವಿಚಾರದ ದೃಷ್ಟಿಯಿಂದ ನೋಡಿದರೆ ಇದು ‘ಡ್ಯೂಸ್’ ಎಂಬುದರ ಮಗ್ಗುಲನ್ನೇ ಬದಲಿಸಿದ ಸಂದರ್ಭ. ತಾನು ಕೊಡಬೇಕಾದದ್ದು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ತನಗೆ ಸಲುವುದು ಎಷ್ಟು, ಸಲ್ಲದ್ದು ಎಲ್ಲಿಂದ ಆರಂಭವಾಗುತ್ತದೆ ಎಂದು ಕೇಳಿದವರು ಲಕ್ಕಮ್ಮ. ದಾಸೋಹದ ತತ್ತ್ವವೂ ಇಲ್ಲಿಯೇ ಇದೆ. ದಾನ ಮಾಡುವವನು ತನ್ನದನ್ನು ಕೊಟ್ಟೆನೆಂದು ತಿಳಿಯುತ್ತಾನೆ; ದಾಸೋಹಿಯು ಲಿಂಗಜಂಗಮದ್ದನ್ನು ಲಿಂಗಜಂಗಮಕ್ಕೆ ಸಲ್ಲಿಸಿದೆನೆಂದು ತಿಳಿಯುತ್ತಾನೆ. ಮತ್ತೊಬ್ಬನಿಂದ ಬಂದದ್ದನ್ನು ಇಟ್ಟುಕೊಂಡಿರುವುದು ಎಂಬ ಲ್ಯಾಟಿನ್ ಧಾತುವಿನ ಅರ್ಥಕ್ಕೆ ಇದಕ್ಕಿಂತ ಹತ್ತಿರವಾದ ಕನ್ನಡದ ಭಾವ ಬೇರೊಂದಿಲ್ಲ.

ಮುಂದಿನ ಶತಮಾನಗಳಲ್ಲಿ ಮನಗೂಳಿಯ ಪರಿಸರದ ಕಡತಗಳ ಭಾಷೆಯೇ ಬದಲಾಯಿತು. 1686ರಲ್ಲಿ ಔರಂಗಜೇಬನಿಗೆ ಸೋಲುವವರೆಗೆ ಸುಮಾರು ಇನ್ನೂರು ವರ್ಷ ವಿಜಾಪುರದಿಂದ ಆಳಿದ ಆದಿಲಶಾಹಿಗಳ ಕಾಲದಲ್ಲಿಯೂ, ಅನಂತರ ಪೇಶವೆಯರ ಕಾಲದಲ್ಲಿಯೂ ಪಾರಸಿ, ಅರಬ್ಬಿ, ಮರಾಠಿ ಪದಗಳು ಒಕ್ಕಲಿಗನ ಮನೆಯೊಳಗೆ ಬಂದವು. ಅವುಗಳನ್ನು ಪರಕೀಯವೆಂದು ತಳ್ಳುವುದು ಅವಿಚಾರ. ಕೆಲವುಗಳ ಮೂಲಾರ್ಥವನ್ನು ಕೆದಕಿದರೆ ‘ಸಲ್’ ಧಾತುವಿನ ನೆಂಟಸ್ತಿಕೆಯೇ ಕಾಣುತ್ತದೆ. ಹಕ್ಕು ಎಂದರೆ ಅರಬ್ಬಿಯಲ್ಲಿ ಸತ್ಯ, ನ್ಯಾಯ, ಸಲ್ಲತಕ್ಕ ಪಾಲು. ಗೌಡ ಕುಲಕರ್ಣಿಗಳಿಗೆ ಊರಿನಿಂದ ಸಲುವ ಬಾಬುಗಳಿಗೆ ಹಕ್ಕುಗಳೆಂದೇ ಹೆಸರಾಯಿತು. ಕಿಸ್ತು ಎಂದರೆ ನ್ಯಾಯವಾದ ಪಾಲು. ವಸೂಲು ಎಂದರೆ ತಲುಪುವುದು, ಸೇರುವುದು; ಇದು ‘ಸಲ್’ ಪದದ ಮೊದಲ ಅರ್ಥವೇ ಆಗಿದೆ. ಆದರೆ ಕೊಟ್ಟವರ ನಾಲಗೆ ಇಲ್ಲಿಯೂ ಸುಮ್ಮನಿರಲಿಲ್ಲ. ಸಲುವುದನ್ನು ಕೇಳುವುದೆಂಬ ಅರ್ಥದ ತಕಾಜಾ ಕನ್ನಡಕ್ಕೆ ಬಂದು ತಗಾದೆಯಾಯಿತು. ತಗಾದೆಯೆಂದರೆ ಈಗ ಜಗಳ. ಕಿರುಕುಳದ ದಾರಿಯಲ್ಲಿಯೇ ಅದೂ ನಡೆಯಿತು.

1818ರ ತರುವಾಯ ಇಂಗ್ಲಿಷರ ಕೈಗೆ ಸಿಕ್ಕ ಈ ಸೀಮೆಯಲ್ಲಿ ಮೋಜಣಿ ನಡೆದು, ಮೂವತ್ತು ವರ್ಷಗಳ ಅವಧಿಗೆ ಹೊಲದ ಆಕಾರ ನಿಶ್ಚಯವಾಗುವ ಪದ್ಧತಿ ಬಂದಿತು. 1852ರ ಹನ್ನೊಂದನೆಯ ಕಾಯಿದೆಯಂತೆ ಇನಾಮು ಆಯೋಗವು ಮಠ, ದೇವಸ್ಥಾನ, ಜಹಗೀರುಗಳ ಭೂಮಿಯ ಸನದುಗಳನ್ನು ಕೇಳಿತು. ಚಂದ್ರಸೂರ್ಯರಿರುವವರೆಗೆ ಎಂದು ಕಲ್ಲಿನಲ್ಲಿ ಬರೆದದ್ದನ್ನು ಕಾಗದದಲ್ಲಿ ತೋರಿಸಬೇಕಾದ ಕಾಲ ಬಂದಿತು. ಒಂದು ಕಾಲಕ್ಕೆ ಸರ್ವನಮಸ್ಯವಾದ ಭೂಮಿಯು ಇಂತಹ ತನಿಖೆಯಲ್ಲಿ ಪೂರ್ಣ ಆಕಾರಕ್ಕೆ ಗುರಿಯಾಗಬಹುದಿತ್ತು, ಅಥವಾ ಜೂಡಿಯೆಂಬ ಕಡಿಮೆ ತೆರಿಗೆಗೆ ಒಳಪಟ್ಟು ಉಳಿಯಬಹುದಿತ್ತು. ನಮಸ್ಕಾರವನ್ನು ಲೆಕ್ಕಕ್ಕೆ ಹಿಡಿಯುವ ಕಾಲಂ ಆ ನಮೂನೆಯಲ್ಲಿರಲಿಲ್ಲ. ‘ಬಾಕಿ’ ಎಂಬ ಮಾತು ಸರ್ವಾಧಿಕಾರಿಯಾದದ್ದು ಈ ಕಾಲದ ಕಚೇರಿಗಳಲ್ಲಿಯೇ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮವು ಬಂದ ಮೇಲೆಯೂ ಸರಕಾರಕ್ಕೆ ಬರಬೇಕಾದ ಅನೇಕ ಬಗೆಯ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡತಕ್ಕದ್ದೆಂಬ ಮಾತು ನಡೆದುಬಂದಿದೆ. ಇಂಗ್ಲಿಷಿನ ‘ನೋ ಡ್ಯೂಸ್’ ಪತ್ರಕ್ಕೆ ‘ಬೇಬಾಕಿ ಪತ್ರ’ವೆಂಬ ಹೆಸರು ಬಿದ್ದಿದೆ. ಹೆಸರು ಚೊಕ್ಕವಾಗಿದೆ, ಕೆಲಸಕ್ಕೂ ಬರುತ್ತದೆ. ಅದು ಹೇಳುವುದಿಷ್ಟೇ: ಪುಸ್ತಕದಲ್ಲಿ ಏನೂ ಉಳಿದಿಲ್ಲ.

ತೊಡಕಿರುವುದು ಈ ಕಚೇರಿಯ ಪದವು ಮಠಮಂದಿರಗಳ ಪಾವತಿಗೂ ಸಾಹಿತ್ಯದ ಅನುವಾದಕ್ಕೂ ನುಗ್ಗಿದಾಗ. ಜಾತ್ರೆಗೆ ಭಕ್ತರು ಕೂಡಿಸುವ ಹಣಕ್ಕೆ ಈ ಭಾಗದಲ್ಲಿ ವರ್ಗಣಿ, ವಂತಿಗೆ ಎಂಬ ಮಾತುಗಳಿವೆ, ಗುರುವಿಗೆ ಕಾಣಿಕೆಯಿದೆ, ಕಣದಲ್ಲಿ ಬಡಿಗ, ಕಮ್ಮಾರರಿಗೆ ಅಳೆದುಕೊಡುತ್ತಿದ್ದ ಆಯವಿತ್ತು. ಒಂದೊಂದರಲ್ಲಿಯೂ ಕೊಡುವವನಿಗೂ ಪಡೆಯುವವನಿಗೂ ಇರುವ ಸಂಬಂಧ ಬೇರೆ. ಇವುಗಳನ್ನೆಲ್ಲ ‘ಡ್ಯೂಸ್’ ಎಂದು ಇಂಗ್ಲಿಷಿಗೆ ಕೊಂಡೊಯ್ಯುವುದು ಅನಿವಾರ್ಯವಾಗಬಹುದು. ಅಲ್ಲಿಂದ ಮರಳಿ ಕನ್ನಡಕ್ಕೆ ತರುವಾಗ ‘ಬಾಕಿ’ಯೆಂದು ತರಬೇಕಾದ ಅನಿವಾರ್ಯತೆ ಏನೂ ಇಲ್ಲ. ಶಾಸನದ ಅನುವಾದವನ್ನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಮೂಲಪಾಠದ ಕೊನೆಯ ಸಾಲುಗಳನ್ನು ತೆರೆದು ನೋಡುವುದು ಒಳಿತು. ಅಲ್ಲಿ ಸಿದ್ಧಾಯವಿದ್ದರೆ ಸಿದ್ಧಾಯವೆಂದೇ, ಸುಂಕವಿದ್ದರೆ ಸುಂಕವೆಂದೇ ಬರೆಯಬಹುದು. ಮೂರನ್ನೂ ಕೂಡಿಸಿ ಹೇಳಬೇಕಾದಾಗ ‘ಸಲುವಳಿ’ ಎಂಬ ಪದವಿದೆ, ‘ಸಲ್ಲತಕ್ಕದ್ದು’ ಎಂಬ ಪ್ರಯೋಗವಿದೆ.

ಆ ಧಾತುವೇನೂ ಬಳಕೆಯಿಂದ ಹೋಗಿಲ್ಲ. ದಕ್ಷಿಣದವರು ‘ನಿನಗೋಸ್ಕರ’ ಎನ್ನುವ ಕಡೆಯಲ್ಲಿ ಮನಗೂಳಿ, ಬಾಗೇವಾಡಿ, ಸಿಂದಗಿ, ಇಂಡಿಗಳ ಜನರು ಇಂದಿಗೂ ‘ನಿನ್ನ ಸಲುವಾಗಿ’ ಎನ್ನುತ್ತಾರೆ. ಮಗಳ ಸಲುವಾಗಿ ಸೀರೆ ತಂದೆ, ಮಳೆಯ ಸಲುವಾಗಿ ಕಾಯುತ್ತಿದ್ದೇವೆ, ದೇವರ ಸಲುವಾಗಿ ಎಣ್ಣೆ ಒಯ್ದೆ ಎಂದು ಹೇಳುವವರು ಮಣಿಂಗವಳ್ಳಿಯ ಶಾಸನವನ್ನು ಓದಿದವರಲ್ಲ. ಕಲಿದೇವರ ದೀಪಕ್ಕೆ ಎಣ್ಣೆ ಸಲ್ಲಬೇಕೆಂದು ಕಟ್ಟಳೆ ಮಾಡಿದವರ ಕ್ರಿಯಾಪದವನ್ನೇ ಅವರು ಬಳಸುತ್ತಿದ್ದಾರೆ.